ಕಣಿವೆ ವಯಸ್ಸು ಬೇರೆ, ಕಲ್ಲಿನ ವಯಸ್ಸು ಬೇರೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ಫೋಟೋಗಳು ತುಂಬಾ ಚೆನ್ನಾಗಿದ್ವು, ಬರೆದವರ ಖುಷಿನೂ ನಿಜವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದರೊಳಗಿನ ಎರಡು ಸಾಲು ಓದಿದ ಮೇಲೆ ಬರೀದೆ ಇರೋಕೆ ಆಗ್ಲಿಲ್ಲ. ಒಂದು ಕಡೆ ಇಲ್ಲಿನ ಬಂಡೆಗಳು 60 ಲಕ್ಷ ವರ್ಷ ಹಳೆಯವು ಅಂತ ಇದೆ, ಕೆಳಗೆ ಬಂದ್ರೆ ಇವೇ ಪ್ರಪಂಚದ ಅತ್ಯಂತ ಪುರಾತನ ಕಲ್ಲುಗಳು ಅಂತ ಇದೆ. ಎರಡೂ ಸರಿಯಿಲ್ಲ. ಸ್ಕೂಲು ಮಕ್ಕಳು ನಿಮ್ಮ ಪುರವಣಿ ಕತ್ತರಿಸಿ ಪ್ರಾಜೆಕ್ಟಿಗೆ ಅಂಟಿಸ್ತಾರೆ, ನಾನೂ ಚಿಕ್ಕವಳಿದ್ದಾಗ ಹಾಗೇ ಮಾಡ್ತಿದ್ದೆ, ಅದಕ್ಕೇ ಇಷ್ಟುದ್ದ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ.

50-60 ಲಕ್ಷ ವರ್ಷ ಅನ್ನೋದು ಕೊಲರಾಡೋ ನದಿ ಈ ಕಣಿವೆಯನ್ನ ಈಗಿರೋ ರೂಪಕ್ಕೆ ಕೊರೆಯೋಕೆ ತಗೊಂಡಿರೋ ಕಾಲ. ಅದು ಕೊರೆದಿರೋ ಕಲ್ಲಿನ ವಯಸ್ಸಲ್ಲ. ಅಜ್ಜನ ಕಾಲದ ಮನೆ ಗೋಡೆಗೆ ನಿನ್ನೆ ಕಿಟಕಿ ಒಡೆಸಿದ್ರೆ ಗೋಡೆನೂ ನಿನ್ನೇದು ಅಂತ ಯಾರಾದ್ರೂ ಹೇಳ್ತಾರಾ? ಮೇಲ್ಗಡೆ ಟೂರಿಸ್ಟುಗಳು ನಿಂತು ಫೋಟೋ ತೆಗೆಸ್ಕೊಳ್ಳೋ ಜಾಗದಲ್ಲಿ ಕಾಲ ಕೆಳಗಿರೋ ಕೈಬಾಬ್ ಸುಣ್ಣಕಲ್ಲೇ ಸುಮಾರು 27 ಕೋಟಿ ವರ್ಷದ್ದು. ಕಣಿವೆ ಗೋಡೆಯ ಪದರಗಳಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕ ವಯಸ್ಸಿನದು! ಕೆಳಗೆ ಹೋದಷ್ಟೂ ವಯಸ್ಸು ಏರ್ತಾ ಹೋಗುತ್ತೆ, ನದಿ ಹತ್ರ 184 ಕೋಟಿ ವರ್ಷದವರೆಗೂ ಹೋಗುತ್ತೆ. ಅಷ್ಟು ಹಳೇ ಕಲ್ಲಿನ ರಾಶಿಯನ್ನ ಇಷ್ಟು ಎಳೇ ನದಿ ಕೊರೆದು ಹಾಕಿದೆ ಅನ್ನೋದೇ ಈ ಜಾಗದ ದೊಡ್ಡ ವಿಷಯ, ಎರಡನ್ನೂ ಒಂದೇ ನಂಬರಿಗೆ ಸೇರಿಸಿಬಿಟ್ರೆ ಆ ವಿಷಯವೇ ಮಾಯ ಆಗಿಹೋಗುತ್ತೆ.

ನಾನು ಭೂವಿಜ್ಞಾನಿ ಅಲ್ಲ. ದಾವಣಗೆರೆಯವಳು, ಮದುವೆಯಾದ ಮೇಲೆ ಅರಿಜೋನಾದ ಫೀನಿಕ್ಸ್ ಹತ್ರ ಇದೀವಿ, ನಿಮ್ಮ ಪೇಪರ್ ಈಗ ಮೊಬೈಲಲ್ಲೇ ಓದೋದು. ಊರಿಂದ ಯಾರೇ ಬಂದ್ರೂ ಕಾರಲ್ಲಿ ಕೂರಿಸ್ಕೊಂಡು ಕಣಿವೆಯ ದಕ್ಷಿಣದ ಅಂಚಾದ ಸೌತ್ ರಿಮ್‌ಗೆ ಕರ್ಕೊಂಡು ಹೋಗೋದು ನಮ್ಮ ಕಡೆಯ ಕನ್ನಡದವರೆಲ್ಲರಿಗೂ ರೂಢಿ, ಹೋಗ್ತೀವಿ, ನೋಡ್ತೀವಿ, ಅಬ್ಬಾ ಅಂತೀವಿ, ಚಿತ್ರಾನ್ನ ಡಬ್ಬಿ ಬಿಚ್ಚಿ ತಿಂದು ವಾಪಸ್ ಬರ್ತೀವಿ. ಮೇಲಿಂದ ನೋಡಿದ್ರೆ ನದಿ ಒಂದು ದಾರದ ಎಳೆ ಥರ ಎಲ್ಲೋ ಒಂದೊಂದು ಕಡೆ ಮಾತ್ರ ಕಾಣುತ್ತೆ, ಬಣ್ಣ ಬಣ್ಣದ ಪಟ್ಟಿಗಳು ಕಾಣ್ತವೆ, ಆದ್ರೆ ಕಣ್ಣಿಗೆ ಅಳತೆ ಸಿಗಲ್ಲ. ರಾಫ್ಟಲ್ಲಿ ಕೆಳಗಡೆ ಹೋದ ಮೇಲೇನೇ ನನಗೆ ಇದು ಏನು ಅಂತ ಅರ್ಥ ಆಗಿದ್ದು. ಮೈಸೂರಿಂದ ನಮ್ಮಣ್ಣ ಬಂದಿದ್ದ, ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದೋನು, ನಮ್ಮ ಮನೆಯವರಿಗೆ ಲೀವ್ ಸಿಕ್ತು, ಮೂರೂ ಜನ ಹುಟ್ಟು ಹಾಕೋ ರಾಫ್ಟಿನ ಟ್ರಿಪ್ ಬುಕ್ ಮಾಡಿ ಹೊರಟ್ವಿ. (ಸ್ವಂತ ರಾಫ್ಟ್ ಇಟ್ಕೊಂಡು ಹೋಗೋರಿಗೆ ನ್ಯಾಷನಲ್ ಪಾರ್ಕಿನವರು ಲಾಟರಿ ಎತ್ತಿ ಪರ್ಮಿಟ್ ಕೊಡ್ತಾರೆ, ಅದಕ್ಕೆ ಅನುಭವ ಇರೋ ಜನ ಬೇಕು. ನಮ್ಮಂಥವರಿಗೆ ಗೈಡ್ ಜೊತೆ ಹೋಗೋದೇ ಸರಿ.)

ಶುರುವಾಗೋದು ಲೀಸ್ ಫೆರ್ರಿ ಅನ್ನೋ ಜಾಗದಿಂದ. ನದಿಯ ಮೈಲಿ ಲೆಕ್ಕ ಅಲ್ಲಿಂದಲೇ, ಅದು ಸೊನ್ನೆ ಮೈಲಿ. ಅಲ್ಲಿಂದ ಕ್ಯಾನಿಯನ್ ಒಟ್ಟು 277 ಮೈಲಿ, ಅಂದ್ರೆ ಹತ್ತಿರ ಹತ್ತಿರ 446 ಕಿಲೋಮೀಟರ್. ಲೀಸ್ ಫೆರ್ರಿಯಲ್ಲಿ ದಡ ತಗ್ಗಾಗೇ ಇರುತ್ತೆ, ಇದೇನಾ ಆ ದೊಡ್ಡ ಕಣಿವೆ ಅನ್ಸುತ್ತೆ. ಸ್ವಲ್ಪ ದೂರ ಹೋಗ್ತಿದ್ದ ಹಾಗೇ ಎರಡೂ ಕಡೆ ಬಿಳಿಚು ಸುಣ್ಣಕಲ್ಲಿನ ಗೋಡೆ ನೀರೊಳಗಿಂದ ಏಳುತ್ತೆ, ಅದೇ ಕೈಬಾಬ್, ಅದು ಮೇಲೆ ಮೇಲೆ ಹೋಗ್ತಾ ಇದ್ದ ಹಾಗೆ ಅದರ ಕೆಳಗಿಂದ ಇನ್ನೊಂದು ಪದರ, ಅದರ ಕೆಳಗಿಂದ ಮತ್ತೊಂದು. ಪದರಗಳು ಅಲ್ಲಿ ಉಬ್ಬಿ ಮೇಲೆದ್ದಿವೆ, ನದಿ ಆ ಉಬ್ಬಿನೊಳಕ್ಕೇ ಕೊರ್ಕೊಂಡು ಹೋಗುತ್ತೆ, ಹಾಗಾಗಿ ನಾವು ಸುಮ್ನೆ ರಾಫ್ಟಲ್ಲಿ ಕೂತಿದ್ರೂ ಮೈಲಿ ಮೈಲಿಗೂ ಹಿಂದಿನ ಕಾಲಕ್ಕೆ ಇಳೀತಾ ಹೋಗ್ತೀವಿ. ನಾಲ್ಕು ಮೈಲಿ ದಾಟಿದ್ರೆ ತಲೆ ಮೇಲೆ ನವಾಹೋ ಸೇತುವೆ, ನೀರಿಂದ 140 ಮೀಟರ್ ಎತ್ತರ, ಅದರ ಕಬ್ಬಿಣದ ಮೇಲೆ ಕಾಂಡೋರ್ ರಣಹದ್ದುಗಳು ಕೂತಿರ್ತವೆ, ಅಳಿದೇ ಹೋಗ್ತಿದ್ದ ಈ ಪಕ್ಷಿಯನ್ನ 1996ರಲ್ಲಿ ಈ ಕಡೆ ಮತ್ತೆ ತಂದು ಬಿಟ್ಟಿದ್ದು.

ಆಮೇಲೆ ಕೊಕೊನೀನೋ ಮರಳುಗಲ್ಲು. ಇದು ಒಂದು ಕಾಲದ ಮರುಭೂಮಿ, ಗಾಳಿಗೆ ಬಿದ್ದು ಎದ್ದ ಮರಳು ದಿಬ್ಬಗಳು ಹಾಗೇ ಗಟ್ಟಿಯಾಗಿರೋದು, ಗೋಡೆಯಲ್ಲಿ ಓರೆ ಓರೆ ಗೆರೆ ಸ್ಪಷ್ಟವಾಗಿ ಕಾಣುತ್ತೆ, ಗಾಳಿ ಯಾವ ಕಡೆಗೆ ಬೀಸ್ತಿತ್ತು ಅಂತ ಆ ಗೆರೆ ನೋಡಿಯೇ ಹೇಳ್ತಾರೆ. ಈಗ ನಾವು ನೋಡೋದೂ ಮರುಭೂಮಿನೇ, ಕಲ್ಲೊಳಗೂ ಇನ್ನೊಂದು ಮರುಭೂಮಿ! ಅದರ ಮೇಲಿನ ಕೈಬಾಬ್ ಆದ್ರೋ ಸಮುದ್ರದ ತಳ. ಅದರಲ್ಲಿ ಸಮುದ್ರದ ಜೀವಿಗಳ ಚಿಪ್ಪು ಸಿಗುತ್ತೆ, ಈಗ ಆ ಚಿಪ್ಪು ಇರೋದು ಸಮುದ್ರ ಮಟ್ಟದಿಂದ 2,000 ಮೀಟರ್‌ಗಿಂತ ಮೇಲೆ. ಅಂದ್ರೆ ಇಡೀ ನೆಲವೇ ಮೇಲಕ್ಕೆದ್ದಿದೆ. ಕೊಲರಾಡೋ ಪ್ರಸ್ಥಭೂಮಿ ಹಾಗೆ ಏಳೋಕೆ ಶುರು ಮಾಡಿದ್ದು ಸುಮಾರು 7 ಕೋಟಿ ವರ್ಷದ ಹಿಂದೆ, ನೆಲ ಎತ್ತರದಲ್ಲಿ ಇದ್ದಿದ್ದಕ್ಕೇ ನದಿಗೆ ಕೆಳಗೆ ಕೊರೆಯೋ ಶಕ್ತಿ ಬಂತು. ಬರೀ ನೀರು ಹರಿದ್ರೆ ಕ್ಯಾನಿಯನ್ ಆಗಲ್ಲ, ಎಷ್ಟೋ ನದಿ ಹರೀತವೆ.

23ನೇ ಮೈಲಿ ಸುಮಾರಿಗೆ ರೆಡ್‌ವಾಲ್ ಶುರು. ಹೆಸರೇನೋ ಕೆಂಪು ಗೋಡೆ ಅಂತ, ನೋಡೋಕೂ ಕೆಂಪೇ, ಆದ್ರೆ ನಮ್ಮ ಗೈಡ್ ಹುಡುಗಿ ಉದುರಿ ಬಿದ್ದಿದ್ದ ಒಂದು ಚೂರು ತೋರ್ಸಿದ್ಲು, ಒಡೆದ ಕಡೆ ಒಳಗೆಲ್ಲಾ ಬೂದು ಬಣ್ಣ. ಮೇಲಿನ ಪದರಗಳಲ್ಲಿರೋ ಕಬ್ಬಿಣದ ತುಕ್ಕು ಮಳೆ ನೀರಲ್ಲಿ ಇಳಿದು ಇಳಿದು ಗೋಡೆ ಪೂರ್ತಿ ಬಣ್ಣ ಹಿಡಿದಿದೆ ಅಷ್ಟೇ. ಇದು 34 ಕೋಟಿ ವರ್ಷದ ಸುಣ್ಣಕಲ್ಲು, ಬೆಚ್ಚನೆಯ, ಆಳ ಕಡಿಮೆ ಇದ್ದ ಸಮುದ್ರದಲ್ಲಿ ಆಗಿರೋದು. 35ನೇ ಮೈಲಿ ಹತ್ರ ಒಂದು ಸಣ್ಣ ಪಕ್ಕದ ಕಣಿವೆಗೆ ಹತ್ತಿಸ್ಕೊಂಡು ಹೋದ್ಲು, ನೆಲದ ಬಂಡೆ ನುಣ್ಣಗೆ ಇದೆ, ಏನೂ ಕಾಣಲ್ಲ, ಅವಳು ಬಾಟಲಿಯಿಂದ ಒಂದು ಧಾರೆ ನೀರು ಸುರಿದ್ಲು ನೋಡಿ, ಮೊಳದುದ್ದದ ಕೋನ್ ಆಕಾರದ ಪ್ರಾಣಿ, ಅದರ ಮೈ ಮೇಲಿನ ಒಂದೊಂದು ಕೋಣೆಯ ಗೆರೆ ಸಮೇತ ಎದ್ದು ಬಂತು. ನಾಟಿಲಾಯ್ಡ್ ಅಂತಾರೆ, ಈಗಿನ ಸ್ಕ್ವಿಡ್ಡು, ಆಕ್ಟೋಪಸ್ಸುಗಳ ಹಳೇ ಸಂಬಂಧಿ. ನೀರು ಒಣಗ್ತಿದ್ದ ಹಾಗೆ ಮತ್ತೆ ಮಾಯ. ನಮ್ಮ ಮನೆಯವರು ತಮ್ಮ ಕುಡಿಯೋ ನೀರನ್ನೆಲ್ಲಾ ಅಲ್ಲಿಗೇ ಸುರಿದು ಒಂದೊಂದೇ ಹುಡುಕ್ತಾ ಕೂತ್ರು, ಎಬ್ಬಿಸ್ಕೊಂಡು ಬರೋದೇ ಕಷ್ಟ ಆಯ್ತು.

ಇನ್ನು ನೀರಿನ ವಿಷಯ. ಇದನ್ನ ನಿಮ್ಮ ಲೇಖನದಲ್ಲಿ ಒಂದೇ ಒಂದು ಸಾಲೂ ಬರೆದಿಲ್ಲ, ಅದಕ್ಕೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಕೊಲರಾಡೋ ಅಂದ್ರೆ ಸ್ಪ್ಯಾನಿಷಲ್ಲಿ ಕೆಂಪು ಬಣ್ಣದ್ದು ಅಂತ, ಹಳಬರು ಕಂಡಿದ್ದೆಲ್ಲಾ ಕೆಮ್ಮಣ್ಣಿನ ನದಿನೇ. ನಾವು ಹತ್ತಿದಾಗ ನೀರು ಹಸಿರು, ತಳ ಕಾಣೋ ಅಷ್ಟು ತಿಳಿ. ಹೊರಗಡೆ ಬಿಸಿಲು 40 ಡಿಗ್ರಿ ದಾಟಿದೆ, ಕೈ ನೀರಲ್ಲಿಟ್ರೆ ಮರಗಟ್ಟುತ್ತೆ. ಅಣ್ಣ ಕೈ ಅದ್ದಿದವನೇ "ಇದು ಅಣೆಕಟ್ಟಿನ ತಳದ ನೀರು ಕಣೇ" ಅಂದ. ಅವನ ಜೀವನ ಪೂರ್ತಿ ಅದೇ ಕೆಲಸ ಅಲ್ವಾ, ಯಾರೂ ಹೇಳೋದೇ ಬೇಕಾಗ್ಲಿಲ್ಲ. ಲೀಸ್ ಫೆರ್ರಿಯಿಂದ ಸ್ವಲ್ಪ ಮೇಲೆ ಗ್ಲೆನ್ ಕ್ಯಾನಿಯನ್ ಡ್ಯಾಮ್ ಇದೆ, 216 ಮೀಟರ್ ಎತ್ತರ, 1963ರಲ್ಲಿ ಗೇಟ್ ಮುಚ್ಚಿದ್ರು. ಅದರ ಹಿಂದಿರೋ ಲೇಕ್ ಪವೆಲ್‌ನಲ್ಲೇ ಮಣ್ಣೆಲ್ಲಾ ಕೂತುಬಿಡುತ್ತೆ, ಆಳದಿಂದ ಟರ್ಬೈನಿಗೆ ತಗೊಂಡ ತಣ್ಣನೆ ನೀರು ಮಾತ್ರ ಈ ಕಡೆ ಬರುತ್ತೆ. ಎಷ್ಟೋ ವರ್ಷ ಅದು 10 ಡಿಗ್ರಿ ಆಸುಪಾಸಲ್ಲೇ ಇರ್ತಿತ್ತು, ಈಚೆಗೆ ಜಲಾಶಯದ ಮಟ್ಟ ತುಂಬಾ ಇಳಿದ ಮೇಲೆ ಸ್ವಲ್ಪ ಬೆಚ್ಚಗಾಗಿದೆ. ಬೆಚ್ಚಗಿನ ಕೆಸರು ನೀರಲ್ಲೇ ಬದುಕೋಕೆ ಹುಟ್ಟಿದ ಹಂಪ್‌ಬ್ಯಾಕ್ ಚಬ್ ಅನ್ನೋ ಮೀನಿಗೆ ಈ ತಣ್ಣೀರು ಎಷ್ಟು ಕಷ್ಟ ಕೊಟ್ಟಿದೆ ಅಂದ್ರೆ ಅದು ಅಪಾಯದಲ್ಲಿರೋ ಜೀವಿಗಳ ಪಟ್ಟಿಗೆ ಸೇರಬೇಕಾಯ್ತು.

ರಾತ್ರಿ ಮರಳು ದಂಡೆ ಮೇಲೆ ಮಲಗೋದು. ರಾಫ್ಟಿನ ಹಗ್ಗವನ್ನ ಗೈಡುಗಳು ರಾತ್ರಿ ಎದ್ದು ಎದ್ದು ನೋಡ್ತಾರೆ, ಯಾಕೆ ಅಂದ್ರೆ ನೀರು ಏರುತ್ತೆ ಇಳಿಯುತ್ತೆ, ಸಮುದ್ರದ ಉಬ್ಬರ ಇಳಿತ ಇದ್ದ ಹಾಗೆ. ಊರುಗಳಲ್ಲಿ ಏಸಿ ಓಡೋ ಹೊತ್ತಿಗೆ ಕರೆಂಟ್ ಜಾಸ್ತಿ ಬೇಕು, ಡ್ಯಾಮಿಂದ ನೀರು ಜಾಸ್ತಿ ಬಿಡ್ತಾರೆ, ಅದು ಕೆಳಗಿನ ಕ್ಯಾಂಪಿಗೆ ತಲುಪೋ ಹೊತ್ತಿಗೆ ಎಷ್ಟೋ ಗಂಟೆ ಆಗಿರುತ್ತೆ. ದಾಂಡೇಲಿಯಲ್ಲಿ ಕಾಳಿ ನದಿಯ ರಾಫ್ಟಿಂಗ್‌ಗೆ ಹೋದವರಿಗೆ ಇದು ಗೊತ್ತಿರುತ್ತೆ, ಅಲ್ಲೂ ಸೂಪಾ ಡ್ಯಾಮಿಂದ ನೀರು ಬಿಟ್ರೆ ಉಂಟು ಇಲ್ಲದಿದ್ರೆ ಇಲ್ಲ. ಮರಳಿನದು ಇನ್ನೊಂದು ಕಥೆ. ಮಣ್ಣು ಮೇಲೇ ನಿಂತುಹೋದ್ರೆ ಹೊಸ ಮರಳು ಎಲ್ಲಿಂದ ಬರಬೇಕು? ಪಾರಿಯಾ, ಲಿಟಲ್ ಕೊಲರಾಡೋ ಅಂಥ ಉಪನದಿಗಳು ತಂದಷ್ಟೇ, ಇದ್ದ ದಂಡೆಗಳೂ ಕೊಚ್ಚಿಹೋಗ್ತಾ ಸಣ್ಣ ಆಗ್ತಿವೆ. 1996ರಲ್ಲಿ ಮೊದಲ ಸಲ ಬೇಕಂತಲೇ ಡ್ಯಾಮಿಂದ ದೊಡ್ಡ ಪ್ರವಾಹ ಬಿಟ್ಟು ತಳದ ಮರಳನ್ನ ಎಬ್ಬಿಸಿ ದಂಡೆಗೆ ಹಾಕಿಸೋ ಪ್ರಯೋಗ ಮಾಡಿದ್ರು, ಆಮೇಲೂ ಆಗಾಗ ಮಾಡಿದಾರೆ, ಸ್ವಲ್ಪ ಕಾಲ ದಂಡೆ ತುಂಬ್ಕೊಳ್ಳುತ್ತೆ, ಮತ್ತೆ ಕರಗುತ್ತೆ.

39ನೇ ಮೈಲಿ ಆಸುಪಾಸಲ್ಲಿ ಗೋಡೆಯಲ್ಲಿ ಮನುಷ್ಯರು ಕೊರೆದ ತೂತುಗಳು ಈಗಲೂ ಇವೆ, ಕೆಳಗೆ ಕಲ್ಲು ಪುಡಿ ರಾಶಿ. ಅಲ್ಲೇ ಇನ್ನೊಂದು ಡ್ಯಾಮ್ ಕಟ್ಟೋಕೆ ಪರೀಕ್ಷೆಗೆ ಅಂತ ಕೊರೆದಿದ್ದು, ಮಾರ್ಬಲ್ ಕ್ಯಾನಿಯನ್ ಡ್ಯಾಮ್. ಅಮೆರಿಕದ ಜನ ದೊಡ್ಡ ಗಲಾಟೆ ಎಬ್ಬಿಸಿ 1968ರಲ್ಲಿ ಆ ಯೋಜನೆ ಕೈ ಬಿಡೋ ಹಾಗೆ ಮಾಡಿದ್ರು. ಕಟ್ಟಿದ್ದಿದ್ರೆ ನಾವು ಹಿಂದೆ ನೀರು ಸುರಿದು ನೋಡಿದ ಆ ನಾಟಿಲಾಯ್ಡುಗಳ ಕಣಿವೆ ಪೂರ್ತಿ ನೀರಿನಡಿಗೆ ಹೋಗ್ತಿತ್ತು. ಡ್ಯಾಮುಗಳನ್ನೇ ನಂಬಿ ಬದುಕಿದ ನಮ್ಮಣ್ಣ ಅಲ್ಲಿ ತುಂಬಾ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ "ಇಲ್ಲಿ ಬೇಡ ಅಂದಿದ್ದು ಸರಿ" ಅಂದ. ನನಗೂ ಹಾಗೇ ಅನ್ನಿಸ್ತು.

61ನೇ ಮೈಲಿಯಲ್ಲಿ ಲಿಟಲ್ ಕೊಲರಾಡೋ ಬಂದು ಸೇರುತ್ತೆ. ಮಳೆ ಇಲ್ಲದಾಗ ಅದರ ನೀರು ಹಾಲು ಬೆರೆಸಿದ ನೀಲಿ, ಸುಣ್ಣದ ಅಂಶ ಕರಗಿರೋದ್ರಿಂದ. ಅಲ್ಲಿನ ಮೂಲನಿವಾಸಿಗಳಾದ ಹೋಪಿ ಜನಕ್ಕೆ ಆ ಕಣಿವೆ ಅವರ ಪೂರ್ವಜರು ಈ ಲೋಕಕ್ಕೆ ಬಂದ ಜಾಗ, ತುಂಬಾ ಪವಿತ್ರ. ನವಾಹೋ, ಹವಾಸುಪಾಯ್, ಹುವಾಲಪಾಯ್, ಜೂನಿ, ಪಾಯೂಟ್ ಜನರಿಗೂ ಈ ಕಣಿವೆ ಜೊತೆ ಸಂಬಂಧ ಇದೆ, ಯಾರೋ ಬಂದು ಕಂಡುಹಿಡಿದರು ಅಂತ ಬರೆಯೋವಾಗ ಪುರವಣಿಯವರು ಇದನ್ನೂ ನೆನಪಿಟ್ಕೊಂಡ್ರೆ ಒಳ್ಳೇದು.

77ನೇ ಮೈಲಿಯಲ್ಲಿ ನೀರು ನೊರೆ ಎದ್ದು ಜೋರಾಗಿ ಧುಮುಕೋ ಹ್ಯಾನ್ಸ್ ರ‍್ಯಾಪಿಡ್ ದಾಟಿದ ಮೇಲೆ ಕಣಿವೆ ಇದ್ದಕ್ಕಿದ್ದ ಹಾಗೆ ಇಕ್ಕಟ್ಟಾಗುತ್ತೆ, ಕತ್ತಲಾಗುತ್ತೆ. ಪದರ ಪದರ ಎಲ್ಲಾ ಮೇಲೆ ಹೋಯ್ತು, ಈಗ ಎರಡೂ ಕಡೆ ಕಪ್ಪು ಕಲ್ಲು, ನೀರು ಉಜ್ಜಿ ಉಜ್ಜಿ ಪಾಲಿಶ್ ಹೊಡೆದಂಗಿದೆ, ಅದರೊಳಗೆ ಗುಲಾಬಿ ಬಣ್ಣದ ಗ್ರಾನೈಟ್ ನರಗಳು ಅಡ್ಡಾದಿಡ್ಡಿ ನುಗ್ಗಿವೆ. ಈ ಕಪ್ಪು ಕಲ್ಲೇ ವಿಷ್ಣು ಶಿಸ್ಟ್ (ಶಿಸ್ಟ್ ಅಂದ್ರೆ ಬಿಸಿಗೆ, ಒತ್ತಡಕ್ಕೆ ಹಾಳೆ ಹಾಳೆಯಾದ ಕಲ್ಲು), 175 ಕೋಟಿ ವರ್ಷದ್ದು. ಇದರ ಒಡನಾಡಿಗಳಿಗೆ ಬ್ರಹ್ಮ ಶಿಸ್ಟ್, ರಾಮ ಶಿಸ್ಟ್ ಅಂತ ಹೆಸರು. ಕ್ಲಾರೆನ್ಸ್ ಡಟನ್ ಅನ್ನೋ ಭೂವಿಜ್ಞಾನಿ 1880ರ ಸುಮಾರಿಗೆ ಇಲ್ಲಿನ ಶಿಖರಗಳಿಗೆ ಪೂರ್ವ ದೇಶದ ದೇವರ ಹೆಸರಿಡೋ ರೂಢಿ ಶುರು ಮಾಡಿದ್ದು, ಶಿಖರದಿಂದ ಕಲ್ಲಿಗೆ ಹೆಸರು ಬಂತು. ಹಿಂದೊಮ್ಮೆ ಇದೆಲ್ಲಾ ಜ್ವಾಲಾಮುಖಿ ದ್ವೀಪಗಳ ಸುತ್ತಲಿನ ಕೆಸರು, ಮರಳು, ಲಾವಾ, ಅದು ಸುಮಾರು 20 ಕಿಲೋಮೀಟರ್ ಆಳಕ್ಕೆ ಹೂತು ಹೋಗಿ, ಬೆಂದು ಮಡಚಿ, ಒಂದು ದೊಡ್ಡ ಪರ್ವತ ಸಾಲಿನ ಬುಡ ಆಗಿತ್ತು. ಮೇಲಿದ್ದ ಪರ್ವತ ಸವೆದು ನೆಲಸಮ ಆಗಿ ಬುಡವಷ್ಟೇ ಉಳಿದಿದೆ.

ಇಲ್ಲಿ ಜಾನ್ ವೆಸ್ಲಿ ಪವೆಲ್ ನೆನಪಾಗದೇ ಇರಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ 1862ರಲ್ಲಿ ಬಲಗೈ ಕಳ್ಕೊಂಡ ಮನುಷ್ಯ, 1869ರ ಮೇ ತಿಂಗಳಲ್ಲಿ ನಾಲ್ಕು ಮರದ ದೋಣಿ, ಒಟ್ಟು ಹತ್ತು ಜನ ಇಟ್ಕೊಂಡು ಈ ಕಣಿವೆ ಶೋಧಿಸೋಕೆ ಹೊರಟಿದ್ದು. ಮುಂದೆ ಏನಿದೆ ಅಂತ ನಕ್ಷೆ ಇಲ್ಲ, ಒಂದು ದೋಣಿ ದಾರಿಯಲ್ಲೇ ಒಡೆದು ಹೋಯ್ತು, ಊಟದ ಸಾಮಾನು ಕೊಳೆತು ಹೋಯ್ತು, ಒಬ್ಬ ಮೊದಲೇ ಬಿಟ್ಟು ಹೋಗಿದ್ದ, ಕೊನೆ ಕೊನೆಗೆ ಮೂರು ಜನ ಇನ್ನು ಆಗಲ್ಲ ಅಂತ ದೋಣಿ ಬಿಟ್ಟು ಮೇಲಕ್ಕೆ ಹತ್ತಿ ಹೋದ್ರು, ಅವರು ಜೀವಂತ ಉಳೀಲಿಲ್ಲ. ಅವರು ಬಿಟ್ಟು ಹೋದ ಎರಡೇ ದಿನಕ್ಕೆ ಉಳಿದ ಆರು ಜನ ಕಣಿವೆ ದಾಟಿ ಜನ ಇರೋ ಕಡೆ ಮುಟ್ಟಿದ್ರು. ಒಂದೇ ಕೈಯಲ್ಲಿ ಬಂಡೆ ಹತ್ತಿ ಪದರ ಪದರ ಬರೆದಿಟ್ಟ ಆ ಪವೆಲ್ ಆಮೇಲೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಎರಡನೇ ನಿರ್ದೇಶಕ ಆದ್ರು.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂತಿರೋ ಜಾಗಕ್ಕೆ ಬರ್ತೀನಿ. 120ನೇ ಮೈಲಿಯಲ್ಲಿ ಬ್ಲ್ಯಾಕ್‌ಟೇಲ್ ಅಂತ ಒಂದು ಪಕ್ಕದ ಕಣಿವೆ. ರಾಫ್ಟ್ ಕಟ್ಟಿ, ಲೈಫ್ ಜಾಕೆಟ್ ಬಿಚ್ಚಿಟ್ಟು ಒಳಗೆ ನಡೆದ್ರೆ ತಣ್ಣಗೆ ನೆರಳು, ಮಾತಾಡಿದ್ರೆ ಗುಂಯ್ ಅನ್ನುತ್ತೆ. ಎದೆ ಮಟ್ಟಕ್ಕೆ ಗೋಡೆಯಲ್ಲಿ ಒಂದು ಗೆರೆ. ಗೆರೆ ಕೆಳಗೆ ಕಪ್ಪು ಶಿಸ್ಟು, ಅದರ ಹಾಳೆಗಳೆಲ್ಲಾ ನೆಟ್ಟಗೆ ನಿಂತಿವೆ. ಗೆರೆ ಮೇಲೆ ಕಂದು ಮರಳುಗಲ್ಲು, ಟಪೀಟ್ಸ್ ಅಂತ ಹೆಸರು, ಅದರ ಪದರಗಳು ಮಲಗಿವೆ. ಹತ್ತಿರ ಹೋಗಿ ನೋಡಿದ್ರೆ ಮರಳುಗಲ್ಲಿನ ತಳದಲ್ಲಿ ಬಿಳಿ ಬೆಣಚು ಕಲ್ಲಿನ ಹರಳುಗಳು, ಕಡಲೆ ಗಾತ್ರದಿಂದ ನಿಂಬೆಹಣ್ಣಿನ ಗಾತ್ರದವರೆಗೂ. ಅವು ಬಂದಿದ್ದು ಕೆಳಗಿನ ಶಿಸ್ಟಿನೊಳಗಿನ ಬಿಳಿ ನರಗಳಿಂದಲೇ, ಶಿಸ್ಟು ಕರಗಿ ಹೋಯ್ತು, ಬೆಣಚು ಗಟ್ಟಿ, ಉಳ್ಕೊಂಡು ಸಮುದ್ರದ ಅಂಚಲ್ಲಿ ಉರುಳಾಡಿ ದುಂಡಗಾಯ್ತು, ಮೇಲೆ ಮರಳು ಬಿತ್ತು. ಕೆಳಗಿನ ಕಲ್ಲು 175 ಕೋಟಿ, ಮೇಲಿನದು ಸುಮಾರು 50 ಕೋಟಿ. ಹೆಬ್ಬೆರಳು ಕೆಳಗೆ, ತೋರುಬೆರಳು ಮೇಲೆ ಇಟ್ಟೆ, ಮಧ್ಯ 120 ಕೋಟಿ ವರ್ಷಕ್ಕಿಂತ ಜಾಸ್ತಿ ಕಾಲ, ಅಷ್ಟೂ ಕಾಲದ ಕಲ್ಲು ಅಲ್ಲಿ ಇಲ್ಲವೇ ಇಲ್ಲ. ಇದಕ್ಕೆ ಗ್ರೇಟ್ ಅನ್‌ಕನ್ಫಾರ್ಮಿಟಿ ಅಂತಾರೆ. ಕಣ್ಣಲ್ಲಿ ನೀರು ಬಂತು ಅಂದ್ರೆ ನಂಬ್ತೀರೋ ಇಲ್ವೋ, ಬಂತು. ಮನುಷ್ಯ ಜಾತಿ ಹುಟ್ಟಿ ಇಲ್ಲೀತನಕದ ಕಾಲವನ್ನ ಆ ಗೆರೆಯೊಳಗೆ ಎಷ್ಟು ಸಲ ತುರುಕಿದ್ರೂ ತುಂಬಲ್ಲ.

ಇಡೀ ಕ್ಯಾನಿಯನ್‌ನಲ್ಲಿ ಎಲ್ಲಾ ಕಡೆನೂ ಅಷ್ಟು ಕಾಲ ಕಾಣೆಯಾಗಿಲ್ಲ, ಅದನ್ನೂ ಹೇಳ್ಬೇಕು. ಹ್ಯಾನ್ಸ್‌ಗಿಂತ ಮೊದಲು ಕೆಲವು ಮೈಲಿ ಓರೆಯಾಗಿ ವಾಲಿರೋ ಕೆಂಪು, ಕಿತ್ತಳೆ ಪದರಗಳು ಕಾಣ್ತವೆ, ಗ್ರ್ಯಾಂಡ್ ಕ್ಯಾನಿಯನ್ ಸೂಪರ್‌ಗ್ರೂಪ್ ಅಂತ, ಸುಮಾರು 125 ಕೋಟಿಯಿಂದ 73 ಕೋಟಿ ವರ್ಷದ ನಡುವಿನವು, ನೆಲ ಮುರಿದು ಜಾರಿದ ಕಡೆ ಮಾತ್ರ ಸವೆಯದೆ ಉಳಿದಿವೆ. ಅದರ ತಳದ ಸುಣ್ಣಕಲ್ಲಲ್ಲಿ ಸ್ಟ್ರೊಮಾಟೊಲೈಟ್ ಇವೆ, ಕಣ್ಣಿಗೆ ಕಾಣದ ಜೀವಿಗಳು ಪದರ ಪದರವಾಗಿ ಕಟ್ಟಿದ ಗುರುತು. ನಮ್ಮ ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳಲ್ಲೂ ಇಂಥವೇ ಇವೆ, ಎಷ್ಟು ಜನರಿಗೆ ಗೊತ್ತು?

ರ‍್ಯಾಪಿಡ್ ಬಗ್ಗೆ ನಿಮ್ಮ ಓದುಗರಿಗೆ ಕುತೂಹಲ ಇರುತ್ತೆ ಅಂತ ಗೊತ್ತು. ನನಗೂ ಮೊದಲು ನದಿ ತಳದಲ್ಲಿರೋ ಬಂಡೆಯಿಂದ ಆಗೋದು ಅಂತಲೇ ಇದ್ದಿದ್ದು, ಆದ್ರೆ ಇಲ್ಲಿ ಹೆಚ್ಚಿನವೆಲ್ಲಾ ಪಕ್ಕದ ಕಣಿವೆಗಳ ಕೆಲಸ. ಜೋರು ಮಳೆ ಬಿದ್ದಾಗ ಮಣ್ಣು ಬಂಡೆ ಎಲ್ಲಾ ಸೇರಿ ಗಾರೆ ಕಲಸಿದಂಗೆ ನುಗ್ಗಿ ಬಂದು ನದಿಗೆ ಬೀಳುತ್ತೆ, ನದಿ ಸಣ್ಣದನ್ನ ಒಯ್ಯುತ್ತೆ, ದೊಡ್ಡ ಬಂಡೆ ಅಲ್ಲೇ. ಕ್ರಿಸ್ಟಲ್ ರ‍್ಯಾಪಿಡ್ ಮೊದಲು ಅಂಥ ದೊಡ್ಡದೇನಲ್ಲ, 1966ರ ಡಿಸೆಂಬರ್ ಮಳೆಗೆ ಒಂದೇ ಸಲಕ್ಕೆ ನದಿಯಲ್ಲೇ ಅತಿ ಕಷ್ಟದ್ದರಲ್ಲಿ ಒಂದಾಯ್ತು. ಇಲ್ಲಿ ರ‍್ಯಾಪಿಡ್‌ಗೆ 1ರಿಂದ 10 ಅಂತ ಅಂಕ ಕೊಡ್ತಾರೆ. 179ನೇ ಮೈಲಿಯ ಲಾವಾ ಫಾಲ್ಸ್ ಮೇಲಿನ ಅಂಕದ್ದು, ಗೈಡುಗಳು ಮೇಲೆ ಹತ್ತಿ ನಿಂತು ನೀರು ಎಲ್ಲಿ ಹೇಗೆ ತಿರುಗುತ್ತೆ ಅಂತ ತುಂಬಾ ಹೊತ್ತು ನೋಡಿದ್ರು, ಯಾರೂ ನಗ್ಲಿಲ್ಲ. ಆಮೇಲೆ ಹಗ್ಗ ಬಿಗಿಯಾಗಿ ಹಿಡ್ಕೊಳ್ಳಿ ಅಂದ್ರು, ಒಂದು ಅಲೆ ಮುಖಕ್ಕೆ ಬಂತು, ಇನ್ನೊಂದರಲ್ಲಿ ರಾಫ್ಟ್ ನೆಟ್ಟಗೆ ನಿಂತಂಗಾಯ್ತು, ಕಣ್ಣು ಬಿಟ್ಟಾಗ ಆಚೆ ಇದ್ವಿ. ಅಷ್ಟೇ ನನಗೆ ನೆನಪಿರೋದು.

ಅದಕ್ಕಿಂತ ನನಗೆ ಅಚ್ಚರಿ ಆಗಿದ್ದು ಅಲ್ಲಿನ ಗೋಡೆ. ರಿಮ್ ಮೇಲಿನ ಜ್ವಾಲಾಮುಖಿಗಳಿಂದ ಲಾವಾ ಕಣಿವೆಯೊಳಕ್ಕೆ ಜಲಪಾತದ ಹಾಗೆ ಸುರಿದು ಕಪ್ಪಗೆ ಹೆಪ್ಪುಗಟ್ಟಿ ನಿಂತಿದೆ. ಕಳೆದ ಹತ್ತು ಲಕ್ಷ ವರ್ಷದೊಳಗೆ ಹೀಗೆ ಹಲವು ಸಲ ಲಾವಾ ನದಿಗೆ ಅಡ್ಡಗಟ್ಟಿದೆ, ನದಿ ಪ್ರತಿ ಸಲ ಅದನ್ನ ಒಡ್ಕೊಂಡು ಹೋಗಿದೆ. ಸ್ವಲ್ಪ ಮುಂಚೆ ನದಿ ನಡುವೆ ವಲ್ಕನ್ಸ್ ಆನ್ವಿಲ್ ಅಂತ ಒಂಟಿ ಕಪ್ಪು ಬಂಡೆ ನಿಂತಿದೆ, ಅದೂ ಆ ಲಾವಾದ ಕಾಲದ್ದೇ. ಹಾಗಂತ ರ‍್ಯಾಪಿಡ್ ಲಾವಾದಿಂದ ಆಗಿದ್ದಲ್ಲ, ಎದುರಿನ ಪ್ರಾಸ್ಪೆಕ್ಟ್ ಕಣಿವೆಯಿಂದ ಬಂದ ಬಂಡೆಗಳಿಂದ ಆಗಿದ್ದು, ಹೆಸರು ನೋಡಿ ಎಲ್ಲರೂ ತಪ್ಪು ತಿಳ್ಕೋತಾರೆ.

ಕಣಿವೆ ಎಷ್ಟು ವರ್ಷದ್ದು ಅನ್ನೋ ಬಗ್ಗೆ ವಿಜ್ಞಾನಿಗಳ ಮಧ್ಯೆ ವಾದ ಇದೆ, ಅದನ್ನ ಮುಚ್ಚಿಡಬಾರದು. ಪಶ್ಚಿಮದ ಭಾಗ 7 ಕೋಟಿ ವರ್ಷದಷ್ಟು ಹಿಂದೆಯೇ ಕೊರೆದಾಗಿತ್ತು ಅಂತ 2012ರಲ್ಲಿ ಒಂದು ಸಂಶೋಧನೆ ಬಂತು. ಕೆಲವು ತುಂಡುಗಳು ಹಳೇವು ಇರಬಹುದು, ಆದ್ರೆ ಅವನ್ನೆಲ್ಲಾ ಒಂದೇ ನದಿ ಜೋಡಿಸಿ ಈಗಿನ ಕಣಿವೆ ಮಾಡಿದ್ದು 50-60 ಲಕ್ಷ ವರ್ಷದಿಂದೀಚೆಗೆ ಅಂತ 2014ರಲ್ಲಿ ಇನ್ನೊಂದು ತಂಡ ಹೇಳ್ತು, ಹೆಚ್ಚಿನವರು ಒಪ್ಪೋದು ಇದನ್ನ. ಹಾಗಾಗಿ ನಿಮ್ಮ ಲೇಖಕರು ಆ ನಂಬರನ್ನ ಎಲ್ಲಿಂದಲೋ ಸರಿಯಾಗೇ ತಗೊಂಡಿದಾರೆ, ಅದನ್ನ ಕಣಿವೆಗೆ ಹಾಕೋ ಬದಲು ಕಲ್ಲಿಗೆ ಹಾಕಿದಾರೆ ಅಷ್ಟೇ.

ಇನ್ನು ಪ್ರಪಂಚದ ಅತಿ ಹಳೇ ಕಲ್ಲು ಅನ್ನೋ ಮಾತು. ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಸಿಗೋ ಅತಿ ಹಳೇದು ಎಲ್ವ್ಸ್ ಕ್ಯಾಸಮ್ ನೈಸ್ (ನೈಸ್ ಅಂದ್ರೆ ಬಿಸಿಗೆ, ಒತ್ತಡಕ್ಕೆ ರೂಪ ಬದಲಾಗಿ ಪಟ್ಟೆ ಪಟ್ಟೆಯಾದ ಗಟ್ಟಿ ಕಲ್ಲು), 184 ಕೋಟಿ ವರ್ಷ. ಕೆನಡಾದ ಅಕಾಸ್ಟಾ ನೈಸ್ ಸುಮಾರು 400 ಕೋಟಿ ವರ್ಷದ್ದು. ಅಷ್ಟು ದೂರ ಯಾಕೆ, ಬೆಂಗಳೂರಿನ ಲಾಲ್‌ಬಾಗಲ್ಲಿ ಕೆಂಪೇಗೌಡರ ಗೋಪುರ ನಿಂತಿರೋ ಬಂಡೆ ಇದೆಯಲ್ಲ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡ್ ಹಾಕಿರೋದು, ಅದೇ ಸುಮಾರು 300 ಕೋಟಿ ವರ್ಷದ್ದು! ಹಾಸನದ ಗೊರೂರು ಕಡೆಯ ನೈಸ್ ಅದಕ್ಕಿಂತಲೂ ಹಳೇದು, 330 ಕೋಟಿ ವರ್ಷ. ರಾಮನಗರದ ಬೆಟ್ಟಗಳು ಸುಮಾರು 250 ಕೋಟಿ. ಅಂದ್ರೆ ಒಂದೂವರೆ ಕಿಲೋಮೀಟರ್ ಆಳದ ಕಣಿವೆ ತಳಕ್ಕೆ ಇಳಿದು ನಾನು ಮುಟ್ಟಿದ ಕಲ್ಲಿಗಿಂತ, ಬೆಳಿಗ್ಗೆ ವಾಕಿಂಗ್ ಬಂದವರು ಕಡ್ಲೆಕಾಯಿ ತಿನ್ಕೊಂಡು ಕೂರೋ ಕಲ್ಲು ನೂರು ಕೋಟಿ ವರ್ಷಕ್ಕಿಂತ ಜಾಸ್ತಿ ದೊಡ್ಡದು. ಬ್ಲ್ಯಾಕ್‌ಟೇಲಿಂದ ಆಚೆ ಬಂದು ರಾಫ್ಟ್ ಹತ್ತೋವಾಗ ಅಣ್ಣನಿಗೆ ಇದನ್ನ ಹೇಳಿದೆ, "ಲಾಲ್‌ಬಾಗ್ ಪಕ್ಕ ನಾಲ್ಕು ವರ್ಷ ಬಾಡಿಗೆಗಿದ್ದೆ, ಒಬ್ಬರೂ ಹೇಳ್ಲಿಲ್ಲವಲ್ಲೇ" ಅಂದ. ಬಾದಾಮಿಗೆ ಹೋದ್ರೂ ಅಷ್ಟೇ, ಗೈಡು ಚಾಲುಕ್ಯರ ಕಥೆ ಚೆನ್ನಾಗಿ ಹೇಳ್ತಾನೆ, ಅವರು ಕೆತ್ತಿದ ಮರಳುಗಲ್ಲು ಎಲ್ಲಿಂದ ಬಂತು ಅಂತ ಒಂದು ಮಾತಿಲ್ಲ. ಸುರಂಗ ರಸ್ತೆ ವಿಚಾರಕ್ಕೆ ಲಾಲ್‌ಬಾಗ್ ಬಂಡೆ ಸುದ್ದಿಯಾದಾಗ ಜನ ಅದರ ವಯಸ್ಸು ಮಾತಾಡಿದ್ರು, ತುಂಬಾ ಸಂತೋಷ ಆಯ್ತು. ಆದ್ರೆ ಗಲಾಟೆ ಆದಾಗ ಮಾತ್ರ ಯಾಕೆ? ನಿಮ್ಮ ಪುರವಣಿಯಲ್ಲಿ ತಿಂಗಳಿಗೊಂದು ಪುಟ ನಮ್ಮ ರಾಜ್ಯದ ಕಲ್ಲುಗಳಿಗೆ ಕೊಡಿ, ಬರೆಯೋಕೆ ಗೊತ್ತಿರೋ ಭೂವಿಜ್ಞಾನದ ಮೇಷ್ಟ್ರುಗಳು ನಮ್ಮ ಯೂನಿವರ್ಸಿಟಿಗಳಲ್ಲೇ ಇದಾರೆ, ಕೇಳಿದ್ರೆ ಖಂಡಿತಾ ಬರೀತಾರೆ.

ಒಂದು ಮಾತು ಮರೆತಿದ್ದೆ. ಈ ನದಿ ನೀರನ್ನ ರಾಜ್ಯಗಳು ಹಂಚ್ಕೊಂಡಿದ್ದು 1922ರ ಒಪ್ಪಂದದಲ್ಲಿ, ಆಗ ಲೆಕ್ಕಕ್ಕೆ ತಗೊಂಡಿದ್ದು ಮಳೆ ಚೆನ್ನಾಗಿದ್ದ ವರ್ಷಗಳನ್ನ, ಸರಾಸರಿ ಅಷ್ಟು ನೀರು ಆಮೇಲೆ ಬರಲೇ ಇಲ್ಲ. ಈಗ ಸುಮಾರು 4 ಕೋಟಿ ಜನ ಇದನ್ನ ನಂಬ್ಕೊಂಡಿದಾರೆ, ಫೀನಿಕ್ಸ್ ದಾಟಿ ಟೂಸಾನ್ ಕಡೆವರೆಗೂ ಹೋಗೋ 541 ಕಿಲೋಮೀಟರ್ ಕಾಲುವೆಯಲ್ಲಿ ಇದೇ ನೀರು ಬರುತ್ತೆ, ನಮ್ಮ ಮನೆ ನಲ್ಲಿಯಲ್ಲೂ. ಕಾವೇರಿ ಕೃಷ್ಣಾ ನೀರಿನ ಜಗಳ ನೋಡ್ತಾ ಬೆಳೆದ ನಮಗೆ ಇದನ್ನ ವಿವರಿಸೋದೇ ಬೇಡ. ಪ್ರವಾಸ ಲೇಖನದಲ್ಲಿ ಇಂಥದ್ದಕ್ಕೂ ನಾಲ್ಕು ಸಾಲು ಜಾಗ ಸಿಗ್ಬೇಕು ಅಂತ ನನ್ನ ಆಸೆ.

ರಾಫ್ಟಲ್ಲಿ ಹೋಗೋಕೆ ಆಗದೇ ಇರೋರು, ಮಕ್ಕಳನ್ನ ನೋಡೋಕೆ ಬಂದ ಅಪ್ಪ ಅಮ್ಮಂದಿರು, ಸೌತ್ ರಿಮ್‌ನಲ್ಲಿ ಯಾವಪಾಯ್ ಜಿಯಾಲಜಿ ಮ್ಯೂಸಿಯಂ ಹತ್ರದಿಂದ ಶುರುವಾಗೋ ಟ್ರೇಲ್ ಆಫ್ ಟೈಮ್ ನಡೀಲಿ, ಸಮತಟ್ಟು ದಾರಿ, ಮಂಡಿ ನೋವಿದ್ರೂ ನಿಧಾನಕ್ಕೆ ಹೋಗಬಹುದು. ಅಲ್ಲಿ ಒಂದು ಮೀಟರ್ ನಡೆದ್ರೆ ಹತ್ತು ಲಕ್ಷ ವರ್ಷ ಹಿಂದಕ್ಕೆ ಹೋದ ಲೆಕ್ಕ, ಆಯಾ ವಯಸ್ಸಿಗೆ ಆಯಾ ಕಲ್ಲನ್ನ ಕೆಳಗಿಂದ ತಂದು ದಾರಿ ಪಕ್ಕ ಇಟ್ಟಿದಾರೆ, ಕೈಯಲ್ಲಿ ಮುಟ್ಟಬಹುದು. ಕಣಿವೆ ಕೊರೆದ ಕಾಲ ಐದಾರು ಮೀಟರ್‌ಗೇ ಮುಗಿದುಹೋಗುತ್ತೆ, ಎಲ್ವ್ಸ್ ಕ್ಯಾಸಮ್ ನೈಸ್ ಸಿಗೋಕೆ 1,840 ಮೀಟರ್ ನಡೀಬೇಕು. ಲಾಲ್‌ಬಾಗಿನ ಕಲ್ಲನ್ನ ಅಲ್ಲಿ ಇಟ್ಟಿದ್ದಿದ್ರೆ ಅದರಾಚೆ ಇನ್ನೂ ಒಂದು ಕಿಲೋಮೀಟರ್‌ಗಿಂತ ಮುಂದೆ ಹೋಗ್ಬೇಕಿತ್ತು. ಮುಂದಿನ ಭಾನುವಾರದ ಪುರವಣಿಯಲ್ಲಿ ಆ ಎರಡು ಸಾಲನ್ನ ದಯವಿಟ್ಟು ತಿದ್ದಿ ಹಾಕಿ.

ಇಂತಿ ನಿಮ್ಮ ಓದುಗಳು,
ದಾವಣಗೆರೆಯವಳು, ಸದ್ಯ ಅರಿಜೋನಾ